ಹಿರಿಯರ ಅಳಲಿಗೆ ವೈದ್ಯರ ಕಿವಿ

ದವಾಖಾನೆಯ ಚೀಟಿಯ ಮೇಲೆ ಅತಿ ಸುಲಭವಾಗಿ ಬರೆಯಬಹುದಾದ ಮಾತೆಂದರೆ ‘ಬಿದ್ದದ್ದು’ ಎಂಬ ಒಂದೇ ಮಾತು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮೊಣಕೈ ಊದಿಸಿಕೊಂಡು ಬರುತ್ತಾಳೆ. ಏನಾಯಿತೆಂದು ವೈದ್ಯರು ವಿಚಾರಿಸಿದರೆ, “ಬಚ್ಚಲದಾಗ ಜಾರಿ ಬಿದ್ದೇನ್ರಿ” ಎನ್ನುತ್ತಾಳೆ. ಇಲ್ಲವೆ ಆಕೆ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದ ಮಗ, “ಆಕಿಗೆ ನೆಪ್ಪ ಇರಂಗಿಲ್ರಿ, ನಾ ಹೇಳ್ತೀನಿ” ಎಂದು ಮುಂದೆ ಬರುತ್ತಾನೆ. ಹೊರಗೆ ಸಾಲಿನಲ್ಲಿ ಇನ್ನೂ ಹತ್ತಾರು ಜನ ಕಾದಿರುತ್ತಾರೆ. ನೋವಿಗೆ ಗುಳಿಗೆ, ಬಾವಿಗೆ ಮುಲಾಮು, ಎಂಟು ದಿನ ಬಿಟ್ಟು ಬರಬೇಕೆಂಬ ಸೂಚನೆ. ಅಲ್ಲಿಗೆ ಆ ಭೇಟಿ ಮುಗಿಯುತ್ತದೆ. ಬಹುಪಾಲು ಸಲ ಆಕೆ ನಿಜವಾಗಿಯೂ ಜಾರಿ ಬಿದ್ದಿರುತ್ತಾಳೆ. ಕೆಲವು ಸಲ ಮಾತ್ರ ಹಾಗಿರುವುದಿಲ್ಲ. ಆ ಕೆಲವು ಸಲಗಳನ್ನು ಬೇರೆ ಮಾಡಿ ಗುರುತಿಸುವ ವಿದ್ಯೆಯನ್ನು ವೈದ್ಯರಿಗೂ ದಾದಿಯರಿಗೂ ಕಲಿಸಬಹುದೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಹೆಸರುಗಳನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಗೌರವ ಮೂಡುತ್ತದೆ. ಕಿತ್ತೂರ ರಾಣಿ ಚೆನ್ನಮ್ಮ ೧೮೨೯ರಲ್ಲಿ ಸೆರೆಯಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿ ಇಂದಿಗೂ ಅಲ್ಲಿದೆ. ಸವದತ್ತಿಯ ಗುಡ್ಡದ ಮೇಲೆ ಯಲ್ಲಮ್ಮನಿದ್ದಾಳೆ. ಮಗನ ಕೊಡಲಿಗೆ ತಲೆಯೊಡ್ಡಿ, ಮಗನ ಬೇಡಿಕೆಯಿಂದಲೇ ಮರಳಿ ಜೀವ ಪಡೆದ ರೇಣುಕೆಯ ಕಥೆ ಆ ಗುಡ್ಡ ಹತ್ತುವ ಪ್ರತಿಯೊಬ್ಬ ಭಕ್ತನಿಗೂ ಗೊತ್ತು. ತಾಯಿಯ ಹೆಸರಿಗೆ ಇಷ್ಟು ಬೆಲೆಯಿರುವ ನಾಡಿನಲ್ಲಿ ತಾಯಿ ಹಸಿದಿರುವ ಮನೆ ಇರಲಾರದೆಂದು ನಂಬಲು ಯಾರಿಗಾದರೂ ಮನಸ್ಸಾಗುತ್ತದೆ.

ಆ ನಂಬಿಕೆಯನ್ನು ಅಲುಗಿಸಿದ ಸುದ್ದಿಯೊಂದು ೨೦೨೫ರ ಮಾರ್ಚ್ ತಿಂಗಳಲ್ಲಿ ಅದೇ ಜಿಲ್ಲೆಯಿಂದ ಬಂದಿತು. ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಂದರಲ್ಲಿಯೇ, ಮಕ್ಕಳು ಆಸ್ಪತ್ರೆಗೆ ಸೇರಿಸಿ ಬಿಟ್ಟುಹೋದ ವೃದ್ಧರ ಪ್ರಕರಣಗಳು ೧೫೦ಕ್ಕೂ ಮಿಕ್ಕಿದ್ದವು. ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಇಂಥ ಪ್ರಕರಣಗಳ ಬಗ್ಗೆ ವೈದ್ಯಕೀಯ ಸಂಸ್ಥೆಗಳು ಉಪವಿಭಾಗಾಧಿಕಾರಿಗಳಿಗೆ ದೂರು ಸಲ್ಲಿಸಬೇಕೆಂದೂ, ಮಕ್ಕಳ ಹೆಸರಿಗೆ ಮಾಡಿದ ಆಸ್ತಿ ವರ್ಗಾವಣೆಗಳು ರದ್ದಾಗುವಂತೆ ಕ್ರಮ ಕೈಕೊಳ್ಳಬೇಕೆಂದೂ ಸೂಚನೆಯಿತ್ತರು.

ಆಸ್ಪತ್ರೆಯ ಮಂಚದ ಮೇಲೆ ಬಿಟ್ಟುಹೋಗುವುದು ಈ ಕಥೆಯ ಕೊನೆಯ ಅಧ್ಯಾಯ. ಅದಕ್ಕೂ ಮೊದಲು ಆ ತಂದೆತಾಯಿಗಳು ತಮ್ಮ ಊರಿನ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕಿನ ಆಸ್ಪತ್ರೆಗೋ ಹಲವು ಬಾರಿ ಬಂದುಹೋಗಿರಬೇಕು. ರಕ್ತದೊತ್ತಡ ನೋಡಿಸಿಕೊಂಡಿರಬೇಕು, ಸಕ್ಕರೆ ರೋಗದ ಗುಳಿಗೆ ಪಡೆದಿರಬೇಕು. ಆಗ ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿದ್ದರೆ ಕಥೆಯ ದಾರಿ ಬದಲಾಗುತ್ತಿತ್ತೇನೋ.

ದೌರ್ಜನ್ಯವೆಂದೊಡನೆ ಹೊಡೆತ ಬಡಿತಗಳೇ ಕಣ್ಣಿಗೆ ಕಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿರುವ ಅರ್ಥ ಇದಕ್ಕಿಂತ ವಿಶಾಲವಾದದ್ದು. ನಂಬಿಕೆಯಿರಬೇಕಾದ ಸಂಬಂಧದಲ್ಲಿ ಹಿರಿಯರಿಗೆ ನೋವು ತರುವ ಯಾವುದೇ ಕೃತ್ಯ, ಹಾಗೆಯೇ ಮಾಡಬೇಕಾದದ್ದನ್ನು ಮಾಡದಿರುವುದು, ಎರಡೂ ದೌರ್ಜನ್ಯವೇ. ಉತ್ತರ ಕರ್ನಾಟಕದ ಮನೆಯೊಂದರಲ್ಲಿ ಇದರ ರೂಪ ಹೇಗಿರಬಹುದು? ಹಲ್ಲಿಲ್ಲದ ಅಜ್ಜಿಯ ತಾಟಿಗೆ ದಿನವೂ ಖಡಕ್ ರೊಟ್ಟಿಯನ್ನೇ ಬಡಿಸುವುದು. ಮುರಿದ ಕನ್ನಡಕವನ್ನು ವರ್ಷವಾದರೂ ರಿಪೇರಿ ಮಾಡಿಸದಿರುವುದು. ತಾಯಿಯನ್ನು ಗಂಡುಮಕ್ಕಳೆಲ್ಲ ತಿಂಗಳ ಪಾಳಿಯ ಮೇಲೆ ಹಂಚಿಕೊಂಡು, ಮೂವತ್ತೊಂದನೆಯ ದಿನ ಯಾರದೆಂದು ಆಕೆಯ ಎದುರಿಗೇ ಜಗಳಾಡುವುದು. ಜನರು ‘ಪಗಾರ’ವೆಂದು ಕರೆಯುವ ವೃದ್ಧಾಪ್ಯ ವೇತನವನ್ನು ಬೆರಳಚ್ಚು ಒತ್ತಿಸಿ ತೆಗೆದುಕೊಂಡು, ಅವ್ವನ ಕೈಗೆ ಎಲೆ ಅಡಿಕೆಗೂ ಬಿಡಿಗಾಸು ಕೊಡದಿರುವುದು. ಉತಾರದಲ್ಲಿ ಹೆಸರು ಬದಲಾದ ದಿನದಿಂದ ಪಡಸಾಲೆಯ ಹಾಸಿಗೆಯನ್ನು ಕೊಟ್ಟಿಗೆಯ ಪಕ್ಕಕ್ಕೆ ಸರಿಸುವುದು. ಇವುಗಳಲ್ಲಿ ಒಂದರಿಂದಲೂ ಮೈಮೇಲೆ ಗಾಯವಾಗುವುದಿಲ್ಲ.

ಇದು ಒಂದು ನಾಡಿನ ಕಥೆಯೂ ಅಲ್ಲ. ೨೮ ದೇಶಗಳಲ್ಲಿ ನಡೆದ ೫೨ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟವಾದ ಲೆಕ್ಕದಂತೆ, ಅರವತ್ತು ದಾಟಿದ ಪ್ರತಿ ಆರು ಮಂದಿಯಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಇಂಥ ಯಾವುದಾದರೊಂದು ನೋವಿಗೆ ಗುರಿಯಾಗಿದ್ದರು. ಮನಸ್ಸನ್ನು ನೋಯಿಸುವ ಮಾತು ನಡತೆಗಳಿಗೆ ಮೊದಲನೆಯ ಸ್ಥಾನ, ಹಣಕಾಸಿನ ಸುಲಿಗೆಗೆ ಎರಡನೆಯದು, ಬಳಿಕ ಅಲಕ್ಷ್ಯ, ಹೊಡೆತದ ಸ್ಥಾನ ಅದಕ್ಕೂ ಕೆಳಗೆ. ಭಾರತದಲ್ಲಿ ೨೦೧೭–೧೮ರಲ್ಲಿ ನಡೆದ ವೃದ್ಧಾಪ್ಯ ಕುರಿತ ದೊಡ್ಡ ಸಮೀಕ್ಷೆಯಲ್ಲಿ ತಮಗೆ ಹಿಂಸೆಯಾಗಿದೆಯೆಂದು ಹೇಳಿಕೊಂಡ ಹಿರಿಯರು ನೂರಕ್ಕೆ ಸುಮಾರು ಐದು ಮಂದಿ. ಈ ದೇಶದಲ್ಲಿ ಹಿಂಸೆ ಕಡಿಮೆಯೆಂದು ಇದಕ್ಕೆ ಅರ್ಥ ಹೇಳಬಹುದು. ಮನೆಯ ಮಾನ ಬೀದಿಗೆ ಬರಬಾರದೆಂದು ಬಾಯಿ ಬಿಗಿಹಿಡಿದವರು ಹೆಚ್ಚೆಂದೂ ಹೇಳಬಹುದು.

ಹಾಗಾದರೆ ಈ ಮೌನವನ್ನು ಮುರಿಯುವವರು ಯಾರು? ನೆರೆಯವರು ಬಂದರೆ ಮಗನಿಗೆ ಸಂಶಯ. ಮದುವೆಯಾಗಿ ಹೋದ ಮಗಳು ಕೇಳಿದರೆ ಆಸ್ತಿಯ ಆಸೆಯೆಂಬ ಅಪವಾದ. ಪೋಲೀಸರೆಂದರೆ ಮುದುಕಿಗೇ ಅಂಜಿಕೆ. ಯಾರ ಸಂಶಯಕ್ಕೂ ಎಡೆಗೊಡದೆ ಆಕೆಯ ಕೈಹಿಡಿದು, ಸೆರಗು ಸರಿಸಿ, ಬೆನ್ನು ನೋಡಬಲ್ಲವರು ವೈದ್ಯರು ಮತ್ತು ದಾದಿಯರು ಮಾತ್ರ. ವೃದ್ಧರ ಮೇಲಿನ ಹಿಂಸೆ ಲೋಕದ ಗಮನಕ್ಕೆ ಬಂದದ್ದೂ ವೈದ್ಯರಿಂದಲೇ. ೧೯೭೫ರಲ್ಲಿ ಬ್ರಿಟನ್ನಿನ ವೈದ್ಯರು ತಮ್ಮ ವೃತ್ತಿಯ ಪತ್ರಿಕೆಗಳಲ್ಲಿ, ತಾವು ಬಿದ್ದ ಗಾಯಗಳೆಂದು ತಿಳಿದಿದ್ದವುಗಳಲ್ಲಿ ಕೆಲವು ಮನೆಯವರ ಹೊಡೆತದಿಂದ ಆದವೆಂದು ಬರೆದರು. ಅಲ್ಲಿಂದ ಮೂವತ್ತಾರು ವರ್ಷಗಳ ಬಳಿಕ, ೨೦೧೧ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಜೂನ್ ೧೫ನ್ನು ಇದರ ಅರಿವು ಮೂಡಿಸುವ ದಿನವೆಂದು ಅಂಗೀಕರಿಸಿತು.

ಗಾಯವನ್ನು ನೋಡುವುದಕ್ಕೂ ಓದುವುದಕ್ಕೂ ಅಂತರವಿದೆ. ಮುಪ್ಪಿನ ಚರ್ಮ ತೆಳುವಾದದ್ದು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರಿಗೆ ಸಣ್ಣ ತಾಕಿಗೂ ಕಂದು ಕಲೆ ಮೂಡುತ್ತದೆ. ಕಲೆ ಕಂಡೊಡನೆ ಮಗನನ್ನು ಅಪರಾಧಿಯೆನ್ನುವುದು ಅನ್ಯಾಯ. ಅಮೆರಿಕದಲ್ಲಿ ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ೧೦೧ ಮಂದಿ ಹಿರಿಯರನ್ನು ದಿನದಿನವೂ ಪರೀಕ್ಷಿಸಿ ಆಕಸ್ಮಿಕವಾಗಿ ಆಗುವ ಕಲೆಗಳು ಎಲ್ಲಿ ಮೂಡುತ್ತವೆಂದು ನೋಡಲಾಯಿತು. ನೂರಕ್ಕೆ ತೊಂಬತ್ತರಷ್ಟು ಕೈಕಾಲುಗಳ ಮೇಲಿದ್ದವು. ಕುತ್ತಿಗೆಯ ಮೇಲೆ, ಕಿವಿಯ ಮೇಲೆ, ಅಂಗಾಲಿನಲ್ಲಿ ಒಂದೂ ಇರಲಿಲ್ಲ. ಬಣ್ಣವನ್ನು ನೋಡಿ ಕಲೆಯ ವಯಸ್ಸು ಹೇಳಬಹುದೆಂಬ ಹಳೆಯ ನಂಬಿಕೆಯೂ ಅಲ್ಲಿ ನಿಲ್ಲಲಿಲ್ಲ. ಹೀಗಾಗಿ ಕಿವಿಯ ಹಿಂದಿನ ಕಲೆಯೊಂದು ಮೊಣಕಾಲಿನ ಹತ್ತು ಕಲೆಗಳಿಗಿಂತ ಹೆಚ್ಚು ಮಾತಾಡುತ್ತದೆ. ಹೇಳಿದ ಕಾರಣಕ್ಕೂ ಕಂಡ ಗಾಯಕ್ಕೂ ಹೊಂದಿಕೆಯಾಗದಿರುವುದು, ಎಲುಬು ಮುರಿದು ವಾರ ಕಳೆದ ಮೇಲೆ ಕರೆತರುವುದು, ಬರೆದುಕೊಟ್ಟ ಔಷಧ ಹೊಟ್ಟೆಗೆ ಹೋಗದೆ ಕಾಯಿಲೆ ಏರುತ್ತಿರುವುದು, ಬೆನ್ನಿನ ಹುಣ್ಣು, ಒಣಗಿದ ನಾಲಿಗೆ, ತಿಂಗಳಿಂದ ತಿಂಗಳಿಗೆ ಇಳಿಯುವ ತೂಕ, ಇವೆಲ್ಲ ಓದಬೇಕಾದ ಅಕ್ಷರಗಳೇ.

ಕಣ್ಣಿಗೆ ಕಾಣುವುದನ್ನು ಓದಿದ ಮೇಲೆ ಕಾಣದಿರುವುದನ್ನು ಕೇಳಬೇಕು. ಇದಕ್ಕಾಗಿ ಕೆನಡಾದ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯ ಮಾರ್ಕ್ ಯಾಫೆ ಮತ್ತು ಅವರ ಜೊತೆಗಾರರು ೨೦೦೮ರಲ್ಲಿ ಆರೇ ಆರು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಐದು ಪ್ರಶ್ನೆಗಳಿಗೆ ಹಿರಿಯರು ಉತ್ತರಿಸಬೇಕು. ಆರನೆಯದಕ್ಕೆ ವೈದ್ಯರು ತಮ್ಮ ಕಣ್ಣನ್ನೇ ಕೇಳಿಕೊಂಡು ಉತ್ತರಿಸಬೇಕು. ಎರಡು ನಿಮಿಷದ ಕೆಲಸ. ನಿತ್ಯದ ಕೆಲಸಗಳಿಗೆ ಯಾರನ್ನು ಅವಲಂಬಿಸಿದ್ದೀರಿ, ಊಟ ಬಟ್ಟೆ ಔಷಧ ಕನ್ನಡಕಗಳಿಗೆ ಯಾರಾದರೂ ಅಡ್ಡಿ ಮಾಡಿದರೆ, ಮಾತಿನಿಂದ ನಾಚಿಕೆಪಡಿಸಿದರೆ ಇಲ್ಲವೆ ಬೆದರಿಸಿದರೆ, ಒತ್ತಾಯದಿಂದ ಕಾಗದಕ್ಕೆ ಸಹಿ ಹಾಕಿಸಿದರೆ, ಅಂಜಿಸಿದರೆ ಅಥವಾ ಮೈಮುಟ್ಟಿ ನೋಯಿಸಿದರೆ ಎಂಬವೇ ಆ ಐದು. ನೆನಪು ಚೆನ್ನಾಗಿರುವವರಿಗೆ ಮಾತ್ರ ಇದು ಸಲ್ಲುತ್ತದೆ. ಮರೆವಿನ ಕಾಯಿಲೆಯವರ ವಿಷಯದಲ್ಲಿ ಕಣ್ಣನ್ನೇ ಹೆಚ್ಚು ನೆಚ್ಚಬೇಕು.

ಆದರೆ ಪುಸ್ತಕದ ಕನ್ನಡದಲ್ಲಿ ಈ ಪ್ರಶ್ನೆಗಳನ್ನು ಓದಿ ಹೇಳಿದರೆ ಸವದತ್ತಿಯ ಸುತ್ತಲಿನ ಹಳ್ಳಿಯ ಮುದುಕಿ ‘ಇಲ್ಲ’ ಎಂದಷ್ಟೇ ಹೇಳಿಯಾಳು. “ನಿಮ್ಮ ಮೇಲೆ ಶೋಷಣೆ ನಡೆಯುತ್ತಿದೆಯೆ?” ಎಂಬ ಮಾತು ಆಕೆಗೆ ಕೋರ್ಟಿನ ಮಾತಾಗಿ ಕೇಳಿಸುತ್ತದೆ. “ಯವ್ವಾ, ಈ ತಿಂಗಳ ಯಾರ ಮನ್ಯಾಗ ಅದೀರಿ? ಹೊತ್ತಿಗೆ ಸರಿಯಾಗಿ ಊಟ ಸಿಗತೈತೇನ್ರಿ? ಪಗಾರದ ರೊಕ್ಕ ಯಾರ ಕೈಯಾಗ ಇರತಾವು? ಯಾವುದರೆ ಕಾಗದಕ್ಕ ಹೆಬ್ಬಟ್ಟು ಒತ್ತಿಸಿಕೊಂಡಾರೇನ್ರಿ?” ಎಂದರೆ ಅದು ಮನೆಯ ಮಾತು. ಇನ್ನೊಂದು ನಿಯಮ ಎಲ್ಲಕ್ಕೂ ಮುಖ್ಯವಾದದ್ದು. ಈ ಪ್ರಶ್ನೆಗಳನ್ನು ಕೇಳುವಾಗ ಮಗನಾಗಲಿ ಸೊಸೆಯಾಗಲಿ ಕೋಣೆಯೊಳಗಿರಬಾರದು.

ಇದನ್ನೆಲ್ಲ ನಾಲ್ಕು ತಾಲ್ಲೂಕುಗಳ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರಿಗೆ ಕಲಿಸುವುದೆಂತು? ಎಲ್ಲರನ್ನೂ ಬೆಳಗಾವಿಗೆ ಕರೆಸಿದರೆ ಅಷ್ಟು ದಿನ ಆರೋಗ್ಯ ಕೇಂದ್ರಗಳ ಬಾಗಿಲು ಮುಚ್ಚಬೇಕಾದೀತು. ಡಿಜಿಟಲ್ ತರಬೇತಿಯ ಪ್ರಯೋಜನ ಇಲ್ಲಿಯೇ. ವೈದ್ಯ ಡಾ. ಸಂಜೀವ್ ಅರೋರಾ ಅವರು ೨೦೦೩ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ದೂರದ ಊರುಗಳ ವೈದ್ಯರನ್ನು ಪರದೆಯ ಮೇಲೆ ಕೂಡಿಸಿ ಒಬ್ಬೊಬ್ಬರ ರೋಗಿಯ ಕಥೆಯನ್ನು ಎಲ್ಲರೂ ಚರ್ಚಿಸುವ ಕ್ರಮವನ್ನು ‘ಎಕೋ’ ಎಂಬ ಹೆಸರಿನಿಂದ ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದೇ ಕ್ರಮದಿಂದ ಮಾನಸಿಕ ಕಾಯಿಲೆ, ವ್ಯಸನಗಳ ಚಿಕಿತ್ಸೆಯನ್ನು ದೂರದ ವೈದ್ಯರಿಗೆ ಕಲಿಸಿದೆ. ವೃದ್ಧರ ಮೇಲಿನ ಹಿಂಸೆಗೂ ಈ ಕ್ರಮ ಒಪ್ಪುತ್ತದೆ. ಪರದೆಯ ಮೇಲೆ ಒಂದು ಸಣ್ಣ ದೃಶ್ಯ ನಡೆಯಲಿ. ತಾಯಿಯ ಬದಲು ಮಗ ಉತ್ತರಿಸುವ ಗಳಿಗೆಗೆ ದೃಶ್ಯ ನಿಲ್ಲಲಿ. ‘ಈಗ ನೀವೇನು ಮಾಡುವಿರಿ?’ ಎಂದು ಕೇಳಲಿ. ರಾಮದುರ್ಗದ ದಾದಿ ಒಂದು ಉತ್ತರ ಕೊಡುತ್ತಾಳೆ, ಕಿತ್ತೂರಿನ ವೈದ್ಯರು ಇನ್ನೊಂದನ್ನು. ತಪ್ಪಿದರೆ ಯಾರಿಗೂ ಹಾನಿಯಿಲ್ಲ. ಅದೇ ದೃಶ್ಯವನ್ನು ಮತ್ತೆ ನೋಡಬಹುದು. ನಿಜವಾದ ರೋಗಿಯ ಎದುರಿಗೆ ಈ ಅನುಕೂಲವಿಲ್ಲ.

ಪರದೆಗೂ ತನ್ನ ಮಿತಿಯುಂಟು. ಪ್ರಶ್ನೆ ಕೇಳಿದ ಮೇಲೆ ಮುದುಕಿ ಸುಮ್ಮನಾದಾಗ, ಆ ಮೌನವನ್ನು ತಡೆದುಕೊಂಡು ಕೂರುವ ತಾಳ್ಮೆಯನ್ನು ಯಂತ್ರ ಕಲಿಸಲಾರದು. ಹತ್ತು ಪಾಠ ಮುಗಿಸಿ ಪ್ರಮಾಣಪತ್ರ ಪಡೆದವರೆಲ್ಲ ಕೇಳುವ ಕಿವಿಯುಳ್ಳವರಾಗುವುದಿಲ್ಲ. ಕಲಿತವರು ತಿಂಗಳಿಗೊಮ್ಮೆಯಾದರೂ ಕೂಡಿ, ರೋಗಿಯ ಹೆಸರು ಗುಟ್ಟಾಗಿಟ್ಟು, ತಾವು ಕಂಡದ್ದನ್ನು ಮಾತಾಡಿಕೊಂಡರೆ ವಿದ್ಯೆ ಉಳಿಯುತ್ತದೆ. ಅಲ್ಲಿ ಸೊಸೆಯ ಕಷ್ಟಕ್ಕೂ ಎಡೆಯಿರಬೇಕು. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿಯೆಲ್ಲ ಮರೆವಿನ ಅತ್ತೆಯನ್ನು ಕಾಯುವವಳು ಒಂದು ದಿನ ಕೈಯೆತ್ತಿದರೆ, ಆಕೆಗೆ ಬೇಕಾದದ್ದು ಶಿಕ್ಷೆಗಿಂತ ಮೊದಲು ಒಂದು ರಾತ್ರಿಯ ನಿದ್ದೆ. ಅದನ್ನು ಗುರುತಿಸುವುದೂ ತರಬೇತಿಯ ಭಾಗವೇ.

‘ಹೌದು’ ಎಂದು ಮುದುಕಿ ಹೇಳಿದಳೆನ್ನೋಣ. ಮುಂದೇನು? ಇದಕ್ಕೆ ಉತ್ತರ ತಿಳಿಯದ ವೈದ್ಯರು ಪ್ರಶ್ನೆ ಕೇಳುವುದಕ್ಕೇ ಹಿಂಜರಿಯುತ್ತಾರೆ. ಮೊದಲನೆಯದಾಗಿ, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲಿಯೇ ಬರೆದಿಡಬೇಕು. ಗಾಯಗಳು ಎಲ್ಲೆಲ್ಲಿವೆಯೆಂದು ದೇಹದ ಚಿತ್ರದ ಮೇಲೆ ಗುರುತಿಸಬೇಕು. ಮುಂದೆ ಯಾವ ಅಧಿಕಾರಿಯ ಎದುರಿಗಾದರೂ ಆ ಹಾಳೆಯೇ ಆಕೆಯ ಸಾಕ್ಷಿ. ಬಳಿಕ ದಾರಿ ಬೈಲಹೊಂಗಲಕ್ಕೆ ಹೋಗುತ್ತದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕುರಿತ ೨೦೦೭ರ ಕಾಯಿದೆಯಂತೆ ಪ್ರತಿ ಉಪವಿಭಾಗಕ್ಕೊಂದು ನ್ಯಾಯಮಂಡಳಿಯಿರಬೇಕು. ಕರ್ನಾಟಕದಲ್ಲಿ ಅದರ ಅಧ್ಯಕ್ಷತೆ ಉಪವಿಭಾಗಾಧಿಕಾರಿಗಳದು. ಮುಂಬೈ ಕರ್ನಾಟಕದ ಹಳೆಯ ಮಾತಿನಲ್ಲಿ ಅವರು ‘ಪ್ರಾಂತ ಸಾಹೇಬರು’. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಬೈಲಹೊಂಗಲ ಉಪವಿಭಾಗಕ್ಕೆ ಸೇರಿದವು.

ಆ ಕಾಯಿದೆ ಹಿರಿಯರ ಪರವಾಗಿ ಬಹಳ ಮಟ್ಟಿಗೆ ಸರಳವಾಗಿದೆ. ಅರ್ಜಿಯನ್ನು ಹಿರಿಯರೇ ಕೊಡಬಹುದು. ಕೈಲಾಗದಿದ್ದರೆ ಅವರು ಒಪ್ಪಿದ ಬೇರೊಬ್ಬರು ಅಥವಾ ಒಂದು ಸಂಸ್ಥೆ ಕೊಡಬಹುದು. ನ್ಯಾಯಮಂಡಳಿ ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಲೂಬಹುದು. ತಂದೆತಾಯಿಗಳಿಗಾದರೆ ಅರವತ್ತು ತುಂಬಿರಬೇಕೆಂಬ ಕಟ್ಟೂ ಇಲ್ಲ. ಪೋಷಣೆಯ ಹೊಣೆ ಮಗ ಮಗಳಿಗಷ್ಟೇ ಅಲ್ಲ, ಪ್ರಾಯಕ್ಕೆ ಬಂದ ಮೊಮ್ಮಕ್ಕಳಿಗೂ ಇದೆ. ಮಕ್ಕಳಿಲ್ಲದ ಹಿರಿಯರ ಆಸ್ತಿ ಯಾವ ಬಂಧುವಿಗೆ ಹೋಗಬೇಕೋ ಆ ಬಂಧುವೂ ಹೊಣೆಗಾರ. ನೋಟೀಸು ತಲುಪಿದ ೯೦ ದಿನಗಳಲ್ಲಿ ಪೋಷಣೆಯ ಅರ್ಜಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ ೩೦ ದಿನ ಮುಂದುವರಿಸಬಹುದು. ನೋಡಿಕೊಳ್ಳಬೇಕಾದ ಹಿರಿಯರನ್ನು ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ.

ಆಸ್ತಿಯ ವಿಷಯದಲ್ಲಿ ಪೇಟೆಯ ಮನೆತನದವರೂ ತಿಳಿದಿರಬೇಕಾದ ಮಾತೊಂದಿದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಬಕ್ಷೀಸು ಪತ್ರ ಮಾಡಿಕೊಟ್ಟು, ಪಡೆದವರು ಆ ಮಾತಿಗೆ ತಪ್ಪಿದರೆ, ಕಾಯಿದೆಯ ೨೩ನೆಯ ಕಲಮಿನಂತೆ ಆ ಪತ್ರ ರದ್ದಾಗಬಹುದು. ಷರತ್ತು ಇತ್ತೆಂಬುದನ್ನು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟು ೨೦೨೨ರ ಡಿಸೆಂಬರಿನಲ್ಲಿ ಹೇಳಿತು. ಕಾಯಿದೆಯ ಉದ್ದೇಶ ಹಿರಿಯರ ರಕ್ಷಣೆಯಾದ್ದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದು ೨೦೨೫ರ ಜನವರಿಯಲ್ಲಿ, ಮಧ್ಯಪ್ರದೇಶದ ತಾಯಿಯೊಬ್ಬಳ ಪ್ರಕರಣದಲ್ಲಿ, ಅದೇ ನ್ಯಾಯಾಲಯ ತೀರ್ಪಿತ್ತಿತು. ಹೀಗಿರಲಾಗಿ, ಹೆಬ್ಬಟ್ಟು ಒತ್ತುವ ಮೊದಲೇ ಷರತ್ತನ್ನು ಪತ್ರದಲ್ಲಿ ಬರೆಯಿಸುವುದು ಜಾಣತನ. ಅಷ್ಟು ದೂರ ಹೋಗಲು ಮನಸ್ಸಿಲ್ಲದವರಿಗೆ ೧೪೫೬೭ ಎಂಬ ಹಿರಿಯರ ಸಹಾಯವಾಣಿಯಿದೆ. ದೇಶದ ಯಾವ ಮೂಲೆಯಿಂದಲೂ ಅದಕ್ಕೆ ಹಣ ತೆರದೆ ಫೋನು ಮಾಡಬಹುದು.

ಇಷ್ಟೆಲ್ಲ ಇದ್ದರೂ ಮುದುಕಿ ಒಪ್ಪದೆ ಹೋಗಬಹುದು. “ನನ್ನ ಮಗನ್ನ ಕಟ್ಟಿ ಏರಿಸಬ್ಯಾಡ್ರಿ” ಎಂದು ಕೈಮುಗಿಯಬಹುದು. ಅನ್ನವಿಕ್ಕದ ಮಗನನ್ನೂ ಕಾಯುವುದು ತಾಯ್ತನದ ಬಲವೂ ಹೌದು, ಸಂಕಟವೂ ಹೌದು. ಬುದ್ಧಿ ಸ್ಥಿಮಿತದಲ್ಲಿರುವ ಹಿರಿಯರ ಇಚ್ಛೆಯನ್ನು ಮೀರಿ ಅವರ ಬಾಳನ್ನು ತಿದ್ದಲು ಹೊರಡುವುದು ಇನ್ನೊಂದು ಬಗೆಯ ದಬ್ಬಾಳಿಕೆಯೇ ಆದೀತು. ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ, ‘ಮತ್ತೆ ಹದಿನೈದು ದಿನಕ್ಕೆ ಬರ್ರಿ’ ಎಂದು ಹೇಳಿ ಬಾಗಿಲು ತೆರೆದಿಡುವುದೇ ವೈದ್ಯರು ಮಾಡಬಹುದಾದ ಉಪಕಾರ. ಆಶಾ ಕಾರ್ಯಕರ್ತೆ ಆ ಓಣಿಗೆ ಹೋದಾಗ ಒಂದು ಗಳಿಗೆ ಆಕೆಯ ಬಳಿ ಕುಳಿತು ಬರಬಹುದು. ತನ್ನ ಕಷ್ಟ ಇನ್ನೊಬ್ಬರಿಗೆ ಗೊತ್ತಿದೆಯೆಂಬ ಅರಿವೇ ಮುದುಕಿಗೆ ಧೈರ್ಯ, ಮಗನಿಗೆ ಎಚ್ಚರಿಕೆ.

ಈ ಕಾರ್ಯದಲ್ಲಿ ಓದುಗರ ಪಾಲೂ ಇದೆ. ತಾಯಿಯನ್ನು ಪ್ರೀತಿಯಿಂದ ಕರೆತರುವ ಮಕ್ಕಳೇ ದವಾಖಾನೆಗಳಲ್ಲಿ ಹೆಚ್ಚು. ಅವರು ಕೂಡ ಆಕೆಯ ಪರವಾಗಿ ತಾವೇ ಮಾತಾಡುತ್ತಾರೆ; ಹೊರಗೆ ನಿಲ್ಲಿರೆಂದರೆ ಅವಮಾನವಾಯಿತೆಂದು ಮುಖ ಸಿಂಡರಿಸುತ್ತಾರೆ. ಒಳ್ಳೆಯ ಮಕ್ಕಳೆಲ್ಲ ಒಳಗೇ ನಿಂತರೆ, ಹೊರಗೆ ಕಳಿಸಿದ ಒಬ್ಬನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಆ ಸಿಟ್ಟನ್ನು ಆತ ಮನೆಗೆ ಹೋಗಿ ಮುದುಕಿಯ ಮೇಲೆ ತೀರಿಸಿಕೊಳ್ಳುತ್ತಾನೆ. ಎಲ್ಲರೂ ಐದು ನಿಮಿಷ ಹೊರಗೆ ನಿಲ್ಲುವುದೇ ರೂಢಿಯಾದರೆ ಯಾರ ಮೇಲೂ ಸಂಶಯವಿಲ್ಲ. ಮುಂದಿನ ಸಲ ಅಪ್ಪನನ್ನೋ ಅವ್ವನನ್ನೋ ಕರೆದುಕೊಂಡು ಹೋದಾಗ, ವೈದ್ಯರು ಹೇಳುವ ಮೊದಲೇ, “ನೀವು ಮಾತಾಡ್ರಿ, ನಾ ಹೊರಗ ಕೂಡತೀನಿ” ಎಂದು ಬಾಗಿಲು ಮುಂದೆ ಮಾಡಿಕೊಂಡು ಬರುವ ಮಗನು, ತನ್ನ ತಾಯಿಗಷ್ಟೇ ಅಲ್ಲ, ಸಾಲಿನಲ್ಲಿ ಹಿಂದೆ ಕುಳಿತಿರುವ ಇನ್ನೊಬ್ಬರ ತಾಯಿಗೂ ಬಾಯಿ ಬಿಡುವ ಅವಕಾಶ ಮಾಡಿಕೊಟ್ಟಂತಾಗುತ್ತದೆ.